ಸಾಮಾನಿನ ಪೆಟ್ಟಿಗೆಯಲ್ಲಿ ಆಳು

ಭುವನಾ ಆ ಬೆಳಿಗ್ಗೆ ಹೆಗಲಿನ ಬ್ಯಾಗನ್ನೂ ಇಳಿಸದೆ ಕಂಪ್ಯೂಟರ್ ಮುಂದೆ ಕೂತಳು. ಮೂಡಿಗೆರೆ ಬಸ್‌ಸ್ಟ್ಯಾಂಡಿನ ಎದುರು, ಗೊಬ್ಬರದಂಗಡಿಯ ಮೇಲಿನ ಎರಡು ಕೋಣೆಯ ಆಫೀಸು ಅದು. ನಲವತ್ತು ಕಾಫಿ ಎಸ್ಟೇಟುಗಳನ್ನು ನಡೆಸುವ ಸಾಫ್ಟ್‌ವೇರ್ ಅಲ್ಲೇ ತಯಾರಾಗುತ್ತಿತ್ತು. ಆ ನಲವತ್ತರಲ್ಲಿ ಒಂದು ಗೋಣಿಬೀಡಿನ ಹತ್ತಿರದ್ದು. ಅವಳ ಅವ್ವ ರಂಗಮ್ಮ ಇಪ್ಪತ್ತೆರಡು ವರ್ಷದಿಂದ ಹಣ್ಣು ಕೊಯ್ಯುತ್ತಿದ್ದದ್ದು ಅಲ್ಲಿಯೇ.

ಕೊಯ್ಲಿನ ಶುರುವಿಗೇ ಅವ್ವ ಇಳಿಜಾರಿನಲ್ಲಿ ಜಾರಿ ಕಾಲು ಮುರಿದುಕೊಂಡಿದ್ದಳು; ಎರಡು ತಿಂಗಳಿಂದ ಕೆಲಸಕ್ಕೆ ಹೋಗಿರಲಿಲ್ಲ. ನಿನ್ನೆ ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಏಕಾಂತಪ್ಪನವರು, ಆಳುಗಳಿಗೆಂದು ಎಸ್ಟೇಟು ಕೊಟ್ಟ ಲೈನ್ ಮನೆಯ ಬಾಗಿಲಿಗೆ ಬಂದು ನಿಂತರು.

"ರಂಗಮ್ಮನ ಹೆಸರು ಆಳುಗಳ ಪಟ್ಟೀಲಿಲ್ಲ. ಹದಿನೈದು ದಿನದಲ್ಲಿ ಮನೆ ಬಿಡ್ಬೇಕಂತೆ."

"ತೆಗೆದವರು ಯಾರು?" ಎಂದಳು ಭುವನಾ.

"ಯಾರೂ ಅಲ್ಲ ಮಾರಾಯ್ತಿ. ಕಂಪ್ಯೂಟರೇ ತೆಗೆದದ್ದು. ನಿಮ್ಮ ಆಫೀಸಿನದ್ದೇ ಅಲ್ವಾ, ನೀನೇ ಕೇಳು."

ಅವರು ಚುಚ್ಚಿ ಆಡಿದ ಮಾತಲ್ಲ. ಅದಕ್ಕೇ ಅದು ಹೆಚ್ಚು ನೋಯಿಸಿತು. ಅವ್ವ ಗೋಡೆ ನೋಡುತ್ತ ಕೂತಿದ್ದಳು.

ಈಗ ಕಾರಣ ಪರದೆಯ ಮೇಲಿತ್ತು. ಪ್ರೋಗ್ರಾಮಿನಲ್ಲಿ ಲೆಕ್ಕಕ್ಕೆ ಬರುವ ಒಂದೊಂದು ಬಗೆಗೂ ಒಂದು ಟೈಪ್, ಟೈಪುಗಳನ್ನು ಜೋಡಿಸಿಡುವ ಪೆಟ್ಟಿಗೆಗೆ ಪ್ಯಾಕೇಜ್ ಎಂಬ ಹೆಸರು. ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್, ಗೋಣಿಚೀಲ, ಸ್ಪ್ರೇಯರ್, ಆಳು, ಈ ನಾಲ್ಕು ಟೈಪುಗಳೂ ಒಂದೇ ಪ್ಯಾಕೇಜಿನಲ್ಲಿದ್ದವು. ಪ್ಯಾಕೇಜಿನ ಹೆಸರು 'ಸಾಮಾನು'. ಆ ಪೆಟ್ಟಿಗೆಗೆಲ್ಲ ಒಂದೇ ನಿಯಮ: ಅರವತ್ತು ದಿನ ಕೆಲಸಕ್ಕೆ ಬಾರದೆ ಬಿದ್ದಿದ್ದನ್ನು ಪಟ್ಟಿಯಿಂದ ತೆಗೆದು ಗುಜರಿಗೆ ಸೇರಿಸು.

'ಆಳು' ಟೈಪನ್ನು ಕೊನೆಯ ಸಲ ತಿದ್ದಿದವರ ಹೆಸರೂ ಅಲ್ಲಿತ್ತು. ಭುವನಾ. ಎರಡು ವರ್ಷದ ಹಿಂದೆ, ಕೆಲಸಕ್ಕೆ ಸೇರಿದ ಮೊದಲ ವಾರ. ಟೈಪಿನ ಹೆಸರು ಇಂಗ್ಲಿಷಿನ ದೊಡ್ಡಕ್ಷರದಿಂದ ಶುರುವಾಗಬೇಕು, ಪ್ಯಾಕೇಜಿನದು ಪೂರಾ ಚಿಕ್ಕಕ್ಷರದಲ್ಲಿರಬೇಕು ಎಂಬ ನಿಯಮದ ಹಾಳೆ ಇನ್ನೂ ಗೋಡೆಯ ಮೇಲಿದೆ. ಅದನ್ನು ನೋಡಿಕೊಂಡು, ಇಂಗ್ಲಿಷಿನಲ್ಲಿ ಬರೆದಿದ್ದ 'ಆಳು' ಹೆಸರಿನ ಮೊದಲಕ್ಷರವನ್ನು ದೊಡ್ಡದು ಮಾಡಿದ್ದಳು. ಯಾವ ಪೆಟ್ಟಿಗೆಯಲ್ಲಿದೆ ಎಂಬುದು ಅವತ್ತೇ ಕಂಡಿತ್ತು. ಹೊಸಬಳು, ಬಾಯಿ ಮುಚ್ಚಿಕೊಂಡಿರುವುದೇ ಮರ್ಯಾದೆ ಅಂದುಕೊಂಡಳು. ಅಚ್ಚುಕಟ್ಟುತನ ನೋಡಿ ಯಜಮಾನರು ಹೊಗಳಿದ್ದರು ಕೂಡ.

ಆ ಯಜಮಾನರು, ಪ್ರಸನ್ನಕುಮಾರ್, ಮೆಟ್ಟಿಲು ಹತ್ತಿ ಬಂದರು.

"ಆಳು ಯಾಕೆ ಸರ್ ಸಾಮಾನಿನ ಪ್ಯಾಕೇಜಲ್ಲಿದೆ?"

"ಅದಾ? ಶುರುವಲ್ಲಿ ಎಲ್ಲ ಒಟ್ಟಿಗೇ ತುಂಬಿದ್ದು. ಒಳಗಿನ ಹೆಸರನ್ನ ಯಾರು ನೋಡ್ತಾರೆ ಬಿಡು."

"ನಮ್ಮವ್ವನ್ನ ಗುಜರಿಗೆ ಹಾಕಿದೆ."

ಅವರು ಪರದೆ ನೋಡಿದರು. ಕುರ್ಚಿ ಎಳೆದು ಕೂತರು. "ಮೊದಲೇ ಹೇಳ್ಬಾರ್ದಾ. ಒಂದು ಸಾಲು ಸೇರಿಸು, ರಂಗಮ್ಮ ಆಗಿದ್ರೆ ತೆಗೀಬೇಡ ಅಂತ. ಐದು ನಿಮಿಷದ ಕೆಲಸ."

"ಉಳಿದವರು?"

"ಕೊಯ್ಲು ಮುಗೀಲಿ. ಈಗ ಪ್ಯಾಕೇಜಿಗೆ ಕೈ ಹಾಕಿದ್ರೆ ನಲವತ್ತು ಎಸ್ಟೇಟಲ್ಲೂ ಒಂದು ದಿನ ಕಂಪ್ಯೂಟರ್ ನಿಲ್ಲುತ್ತೆ. ಬೈಸಿಕೊಳ್ಳೋನು ನಾನು, ನೀನಲ್ಲ."

ಅವಳು ನಲವತ್ತೂ ಎಸ್ಟೇಟುಗಳ ಗುಜರಿ ಪಟ್ಟಿ ತೆಗೆದು, ಕೆಲಸಕ್ಕೆ ಬಾರದ ಕಾರಣದ ಸಮೇತ ಓದತೊಡಗಿದಳು. ತುಕ್ಕು ಹಿಡಿದ ಸ್ಪ್ರೇಯರುಗಳ ನಡುವೆ ಮೂವತ್ತೊಂದು ಜನ ಇದ್ದರು. "ಕೆಂಪಯ್ಯ, ಆಪರೇಷನ್. ಮುದ್ದಮ್ಮ, ಬಾಣಂತನ. ಗಿಡ್ಡಪ್ಪ, ಹಾವು ಕಚ್ಚಿದ್ದು."

"ಸಾಕು ಭುವನಾ."

ಅವಳು ನಿಲ್ಲಿಸಲಿಲ್ಲ. ಮೂವತ್ತೊಂದನ್ನೂ ಓದಿ ಮುಗಿಸಿದಳು. ಅವ್ವನ ಹೆಸರನ್ನು ಕೊನೆಗೆ ಓದಿದಳು. ಆಮೇಲೆ 'ಜನ' ಎಂಬ ಹೊಸ ಪ್ಯಾಕೇಜ್ ತೆರೆದು ಆಳನ್ನು ಅಲ್ಲಿಗೆ ಸಾಗಿಸಿದಳು. ಗುಜರಿಯ ನಿಯಮ ಸಾಮಾನಿನ ಜೊತೆಗೇ ಉಳಿಯಿತು. ಮೂವತ್ತೊಂದು ಹೆಸರುಗಳನ್ನೂ ಪಟ್ಟಿಗೆ ಮರಳಿಸಿ, ನಲವತ್ತು ಎಸ್ಟೇಟಿಗೂ ಕಳಿಸಿಬಿಟ್ಟಳು.

"ನಾಳೆಯಿಂದ ಬರ್ಬೇಡ," ಎಂದರು ಪ್ರಸನ್ನಕುಮಾರ್, ದನಿ ಏರಿಸದೆ.

ಅವಳು ಎದ್ದಳು. ಬ್ಯಾಗು ಹೆಗಲಲ್ಲೇ ಇತ್ತು. ಅಷ್ಟರಲ್ಲಿ ಮೇಜಿನ ಮೇಲಿನ ಫೋನ್ ಹೊಡೆದುಕೊಳ್ಳತೊಡಗಿತು. ಪ್ರಸನ್ನಕುಮಾರ್ ಅದನ್ನು ನೋಡುತ್ತ ಕೂತರು.

"ಎತ್ತಿ ಸರ್," ಎಂದಳು ಬಾಗಿಲಲ್ಲಿ ನಿಂತು. "ಕಂಪ್ಯೂಟರ್ ಯಾಕೆ ನಿಂತಿದೆ ಅಂತ ಎಸ್ಟೇಟಿನವರಿಗೆ ನೀವೇ ಹೇಳಿ. ಕೇಳಿಸಿಕೊಂಡೇ ಹೋಗ್ತೀನಿ."