ಎಂಜಿನ್ನಿಲ್ಲದ ಸದ್ದು

"ಎರಡನೇ ಸದ್ದೇ ಹಳೇ ಕಾರಿಂದು," ಎಂದು ಹೇಳಿ ಅವನು ಹೆಡ್‌ಫೋನ್ ತೆಗೆದ.

ಯಂತ್ರದ ಮುಂದೆ ಕೂತಿದ್ದ ಸಹೋದ್ಯೋಗಿ ಸುಮ್ಮನೆ ಕೆಮ್ಮಿದಳು. ಮೇಲಧಿಕಾರಿ ಮಾತ್ರ ಹಲ್ಲು ಬಿಡುತ್ತ ಬಂದು ಅವನ ಬೆನ್ನು ತಟ್ಟಿದ.

"ಗೆದ್ಬಿಟ್ರಿ. ಎರಡನೇದು ನೀವೇ ಮಾಡಿದ್ದು. ಮಾಡಿದವರಿಗೇ ಗೊತ್ತಾಗ್ಲಿಲ್ಲ ಅಂದ್ಮೇಲೆ ಕೊಳ್ಳೋರಿಗೇನು ಗೊತ್ತಾಗುತ್ತೆ?"

ಅವನೂ ನಕ್ಕ. ನಗದೆ ಏನು ಮಾಡುವುದು? ಒಂದು ಕಾಲಕ್ಕೆ ಹೆಸರು ಮಾಡಿದ್ದ ಆ ಸ್ಪೋರ್ಟ್ಸ್ ಕಾರನ್ನು ಕಂಪನಿ ಮತ್ತೆ ಮಾರುಕಟ್ಟೆಗೆ ತರುತ್ತಿತ್ತು. ಅದೇ ಉದ್ದ ಮೂತಿ, ಹಿಂದಿನ ಚಕ್ರಗಳ ಮೇಲೇ ಕೂತಂತಿರುವ ಪುಟ್ಟ ಕ್ಯಾಬಿನ್, ನೆಲ ಸವರುವ ಹೊಟ್ಟೆ. ಒಳಗೆ ಮಾತ್ರ ಬ್ಯಾಟರಿ. ಹಳೆಯದು ವೇಗ ಹಿಡಿಯುವಷ್ಟರಲ್ಲಿ ಹೊಸದು ಕಣ್ಮರೆಯಾಗಿರುತ್ತಿತ್ತು, ಆದರೆ ತುಟಿ ಪಿಟಕ್ಕೆನ್ನದೆ. ಹಳೇ ಎಂಜಿನ್ನಿನಂಥದೇ ಸದ್ದು ಕಟ್ಟಿ ಅದಕ್ಕೆ ಬಾಯಿ ಬರಿಸುವುದು ಅವನ ಕೆಲಸ.

ಮೂತಿ ಅಷ್ಟು ಉದ್ದವಾಗಿದ್ದುದೇ ಆರು ಸಿಲಿಂಡರಿನ ಎಂಜಿನ್ ಒಳಗೆ ಕೂರಲೆಂದು. ಈಗ ಅಲ್ಲಿ ಎರಡು ಸ್ಪೀಕರು, ಮಿಕ್ಕದ್ದೆಲ್ಲ ಖಾಲಿ.

"ಇನ್ನೊಂದ್ಸಲ ಕೇಳಿಸಿ," ಎಂದ.

"ಪಾಸಾದ್ಮೇಲೂ ಪರೀಕ್ಷೆಗೆ ಕೂರ್ತಾರಾ ಸಾರ್?" ಎಂದಳು ಸಹೋದ್ಯೋಗಿ. ಆದರೂ ಕೇಳಿಸಿದಳು.

ಗೇರು ಬದಲಾಗುವಾಗ ಹಳೆಯದು ಒಂದು ಕ್ಷಣ ತಡವರಿಸಿ, ಗಂಟಲು ಸರಿಮಾಡಿಕೊಂಡು, ಮತ್ತೆ ಏರುತ್ತಿತ್ತು. ಹೊಸದೂ ತಡವರಿಸುತ್ತಿತ್ತು. ಆ ತಡವರಿಕೆಯನ್ನು ಸೇರಿಸಿದವನು ಅವನೇ.

ಬೆಳಿಗ್ಗೆ ಹೆಂಡತಿ ತಟ್ಟೆ ಒರೆಸುತ್ತ ಹೇಳಿದ್ದಳು: "ಇರು ಅಂತೀರೋ, ಹೋಗು ಅಂತೀರೋ, ಇವತ್ತು ಸಂಜೆ ಹೇಳ್ಬಿಡಿ. ನಾನು ಜಗಳ ಆಡಲ್ಲ. ಅಕ್ಕನ ಮನೇಲಿ ಒಂದು ರೂಮು ಖಾಲಿ ಇದೆ."

"ನಂಗೀಗ ಹೊತ್ತಾಯ್ತು."

"ಅದಕ್ಕೇ ಸಂಜೆ ಅಂದಿದ್ದು."

ಬಚ್ಚಲುಮನೆಯ ಬಾಗಿಲು ಹಾಕಿಕೊಂಡು ಅವನು ಎರಡನ್ನೂ ಮೆಲ್ಲಗೆ ಹೇಳಿ ನೋಡಿದ್ದ. ನೀನು ಇರಬೇಕು. ನೀನು ಹೋಗೋದೇ ಒಳ್ಳೇದು. ಎರಡೂ ಮನಸಾರೆ ಹೇಳಿದಂತೆಯೇ ಕೇಳಿಸಿದ್ದವು. ದಣಿವಿರಬೇಕು ಅಂದುಕೊಂಡಿದ್ದ. ಮಧ್ಯಾಹ್ನದ ಪರೀಕ್ಷೆಯಲ್ಲಿ ತನ್ನ ಕಿವಿ ನೆಟ್ಟಗಿದೆಯೆಂದು ಖಾತ್ರಿಯಾದರೆ, ಸಂಜೆ ತನ್ನ ಮಾತನ್ನೂ ನಂಬಬಹುದು ಎಂದು ಲೆಕ್ಕ ಹಾಕಿದ್ದ. ಈಗ ಆ ಕಿವಿಯೇ ಮೋಸಹೋದ ಮೇಲೆ ಅವನಿಗೆ ನಿಜವಾಗಿಯೂ ಹೆದರಿಕೆಯಾಯಿತು.

ಸಂಜೆ ಎಲ್ಲರೂ ಹೋದ ಮೇಲೆ ಶೆಡ್ಡಿಗೆ ಬಂದ. ಪರೀಕ್ಷೆಗೆಂದು ಹೊಸ ಕಾರನ್ನು ಎತ್ತಿ ಕಬ್ಬಿಣದ ಕಾಲುಗಳ ಮೇಲೆ ನಿಲ್ಲಿಸಿದ್ದರು. ನಾಲ್ಕು ಚಕ್ರಗಳೂ ನೆಲ ಬಿಟ್ಟಿದ್ದವು. ಒಳಗೆ ತೂರಿಕೊಂಡು ಕೂತು ಪೆಡಲ್ ಒತ್ತಿದ. ಇಲ್ಲದ ಆರು ಸಿಲಿಂಡರುಗಳು ಒಟ್ಟಿಗೆ ಮೊರೆದವು. ಚೆನ್ನಾಗಿತ್ತು, ಅವನ ಮೈ ಜುಮ್ಮೆಂದಿತು.

ಫೋನ್ ಬಂತು.

"ಎಲ್ಲಿದ್ದೀರಿ?" ಎಂದಳು ಹೆಂಡತಿ.

"ದಾರೀಲಿ."

ಅವಳು ಸ್ವಲ್ಪ ಹೊತ್ತು ಆ ಸದ್ದನ್ನೇ ಕೇಳಿಸಿಕೊಂಡಳು.

"ಅಷ್ಟು ಜೋರಾಗಿ ಓಡಿಸ್ಬೇಡಿ," ಎಂದಳು. ದನಿ ಮೆತ್ತಗಾಗಿತ್ತು. "ನಿಧಾನವಾಗೇ ಬನ್ನಿ. ಕಾಯ್ತಿರ್ತೀನಿ."

ಅವನು ಪೆಡಲನ್ನು ಇನ್ನಷ್ಟು ಒತ್ತಿದ. ಚಕ್ರಗಳು ಗಾಳಿಯಲ್ಲಿ ತಿರುಗಿದವು, ವೇಗದ ಮುಳ್ಳು ನೂರಾ ನಲವತ್ತು ದಾಟಿತು. ಎದುರಿನ ಗೋಡೆ ಅಲ್ಲೇ ಇತ್ತು, ಮೂತಿಯಿಂದ ಒಂದು ಮಾರು ದೂರದಲ್ಲಿ.