ಅತಿಥಿಯ ಬಿಲ್ಲೆ

ಟಿಕ್—ಆಮೇಲೆ ಏನೂ ಇಲ್ಲ, ಆಮೇಲೆ ಟಿಕ್ ಟಿಕ್, ಕೈಯಲ್ಲಿರುವ ವಿಕಿರಣ ಮಾಪಕ ಸೋಮಾರಿ ಹಲ್ಲಿಯ ಹಾಗೆ ಲೊಚಗುಟ್ಟುತ್ತದೆ, ಇಷ್ಟು ಸದ್ದು ಎಲ್ಲ ಕಡೆಯೂ ಇದ್ದದ್ದೇ, ಅಕೋಲಾದ ಬಸ್ ಸ್ಟ್ಯಾಂಡಿನಲ್ಲೂ ಇದೆ, ಅತ್ತೆಯ ದೇವರ ಕೋಣೆಯಲ್ಲೂ ಇದೆ, ಹೆದರುವಂಥದ್ದಲ್ಲ, ನಡಿ ಶುಭದಾ, ನಡಿ—ಆರಡಿ ದಪ್ಪದ ಗೋಡೆ ಎಡಕ್ಕೆ ತಿರುಗುತ್ತದೆ, ಆಮೇಲೆ ಬಲಕ್ಕೆ, ಸೊಂಟದ ಎತ್ತರಕ್ಕೆ ಕೆಂಪು ಹಗ್ಗ ಜೊತೆಗೇ ಬರುತ್ತದೆ, ಏನಾದರೂ ಹೆಚ್ಚುಕಡಿಮೆಯಾದರೆ ಅದನ್ನು ಎಳೆದರೆ ಸಾಕು, ಎಲ್ಲ ನಿಲ್ಲುತ್ತದೆ. ಹೊರಗೆ ಮೇ ತಿಂಗಳ ಬಿಸಿಲು ಕಾಗೆಯನ್ನೂ ಹುರಿದು ಹಾಕುವಂತಿದೆ, ಇಲ್ಲಿ ತಂಪು, ಮಿಂಚು ಹೊಡೆದ ಮೇಲೆ ಬರುವಂಥ ವಾಸನೆ. ತೊಂಬತ್ತು ಸೆಕೆಂಡು. ಅಷ್ಟರೊಳಗೆ ಕೋಣೆಯನ್ನು ಸುತ್ತಿ, ಮೂರು ಮೂಲೆಯ ಮೂರು ಗುಂಡಿ ಒತ್ತಿ, ಒಳಗೆ ಯಾರಾದ್ರೂ ಇದ್ದೀರಾ ಅಂತ ಗಟ್ಟಿಯಾಗಿ ಕೂಗಿ, ಹೊರಗೆ ಬಂದು ಬಾಗಿಲು ಹಾಕಬೇಕು, ಆಮೇಲೆಯೇ ಕೊಳದ ತಳದಲ್ಲಿ ಮಲಗಿರುವ ಕೋಬಾಲ್ಟ್ ಕಡ್ಡಿಗಳು ಮೇಲೆ ಬರುವುದು. ನೀರಿನಡಿ ಇರುವ ತನಕ ಅವು ಹಸುವಿನಷ್ಟು ಸಾಧು. ಮೇಲೆ ಬಂದಾಗ ಒಳಗೆ ಯಾರೂ ಇರಬಾರದು, ಅಷ್ಟೆ, ಅದಕ್ಕೇ ಈ ಸುತ್ತು. ಕಡ್ಡಿ ಎಬ್ಬಿಸುವ ಕೀಲಿಯೂ ಈ ಮಾಪಕಕ್ಕೇ ಸರಪಳಿಯಲ್ಲಿ ಕಟ್ಟಿಕೊಂಡಿದೆ, ಒಳಗೆ ಹೋದವಳ ಕೈಯಲ್ಲೇ ಕೀಲಿ, ಹೊರಗಿನವರು ತಿಪ್ಪರಲಾಗ ಹಾಕಿದರೂ ಚಾಲೂ ಮಾಡಲಾರರು. ಆರು ವರ್ಷ, ದಿನಕ್ಕೆ ಎರಡು ಸಲ ಕೂಗಿದ್ದಾಳೆ, ಯಾರೂ ಓಗೊಟ್ಟಿಲ್ಲ.

ಮೊದಲನೆಯ ಗುಂಡಿ, ಹಸಿರು ದೀಪ. ಸಾಲಾಗಿ ನೇತಾಡುವ ಪೆಟ್ಟಿಗೆಗಳಲ್ಲಿ ಜೌಗು ನೆಲದ ಕಪ್ಪು ಮಣ್ಣಿನ ಪೊಟ್ಟಣಗಳು, ಕಿರಣ ತಗುಲಿ ಅದರೊಳಗಿನ ಸಕಲ ಸೂಕ್ಷ್ಮಜೀವಿಗಳೂ ಸತ್ತ ಮೇಲೆ ಪಕ್ಕದ ಪ್ರಯೋಗಾಲಯದಲ್ಲಿ ಸೂಜಿ ಚುಚ್ಚಿ ಒಂದೇ ಒಂದು ಜಾತಿಯ ಜೀವಾಣುವನ್ನು ಒಳಗೆ ಬಿಡುತ್ತಾರೆ, ಸೋಯಾ ಬೇರಿನಲ್ಲಿ ಗಂಟು ಕಟ್ಟಿ ಗಿಡಕ್ಕೆ ಗಾಳಿಯಿಂದ ಗೊಬ್ಬರ ಮಾಡಿ ಉಣ್ಣಿಸುವ ಜೀವಾಣು, ಮೃಗಶಿರಾ ಮಳೆ ಬೀಳುವ ಮುಂಚೆ ಇದೆಲ್ಲ ಹೊಲ ಮುಟ್ಟಬೇಕು. ಜಗತ್ತಿನಲ್ಲೇ ಚೊಕ್ಕ ಮಣ್ಣು ಇದು, ಬಸುರಿಯರು ಕೂಡ ತಿನ್ನಬಹುದು ಅಂತ ಸುರಕ್ಷಾ ಅಧಿಕಾರಿ ವಾನಖಡೆ ಕಾಕಾ ಬಂದವರಿಗೆಲ್ಲ ಹೇಳುವ ಹಳೇ ತಮಾಷೆ, ಇವತ್ತು ಬೆಳಿಗ್ಗೆ ಹರಿದ ಪೊಟ್ಟಣವೊಂದರ ಮುಂದೆ ನಿಂತು ಅವಳು ನಿಜವಾಗಿಯೂ ಒಂದು ಚಿಟಿಕೆ—ಛೆ, ತಿನ್ನಲಿಲ್ಲ, ಮೂಸಿದಳು ಅಷ್ಟೆ, ಬಾಯಲ್ಲಿ ನೀರೂರಿತು. ನಾಲ್ಕು ದಿನ. ಎರಡು ಗೆರೆ ಮೂಡಿದ ಪಟ್ಟಿಯನ್ನು ಸಾಬುದಾಣಿ ಡಬ್ಬಿಯ ಹಿಂದೆ ಬಚ್ಚಿಟ್ಟು ನಾಲ್ಕು ದಿನ, ಮಂಗೇಶನಿಗೂ ಹೇಳಿಲ್ಲ, ಪಕ್ಕದಲ್ಲೇ ಮಲಗುವ ಗಂಡನಿಗೆ, ಅವನು ನಿದ್ದೆಯಲ್ಲಿ ಹೊಟ್ಟೆಯ ಮೇಲೆ ಕೈ ಹಾಕಿದಾಗ ಮೆಲ್ಲಗೆ ಎತ್ತಿಟ್ಟಳು, ಆಮೇಲೆ ಪಾಪ ಅನ್ನಿಸಿ ತಾನೇ ಎಳೆದುಕೊಂಡು ಇಟ್ಟುಕೊಂಡಳು.

ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದರು ಅಂತ ಜನ ಗಾದೆಗೆ ಹೇಳುತ್ತಾರೆ, ಅತ್ತೆ ನಿಜಕ್ಕೂ ಹೊಲಿದಿದ್ದರು, ಮೊದಲನೆಯ ಸಲ, ಹಳದಿ ಬಟ್ಟೆಯ ಕುಲಾವಿ, ಅಂಚಿಗೆ ಹಸಿರು ದಾರ, ಗಲ್ಲಿಯ ಎಲ್ಲ ಮನೆಗೂ ಪೇಢಾ, ಏಳನೆಯ ವಾರ ಬಸಿರು ಹೋಯಿತು. ಎರಡನೆಯ ಸಲ ಪೇಢಾ ಇಲ್ಲ, ಕುಲಾವಿ ಇಲ್ಲ, ಒಂಬತ್ತನೆಯ ವಾರ. ಡಾಕ್ಟರಮ್ಮ ಹೇಳಿದರು, ನಿನ್ನ ಕೆಲಸಕ್ಕೂ ಇದಕ್ಕೂ ಸಂಬಂಧ ಇಲ್ಲಮ್ಮ, ಮೈಗೆ ತಗುಲಿದ ಕಿರಣ ಅಳೆಯಲು ಎದೆಯ ಮೇಲೆ ಚುಚ್ಚಿಕೊಳ್ಳುವ ಬ್ಯಾಡ್ಜು ಮೂರು ತಿಂಗಳಿಗೊಮ್ಮೆ ಮುಂಬಯಿಗೆ ಹೋಗಿ ಬರುತ್ತದೆ, ಪ್ರತಿ ಸಲವೂ ಸೊನ್ನೆ, ಅವಳು ಸೊನ್ನೆಯನ್ನು ನಂಬುತ್ತಾಳೆ, ಮಾಪಕವನ್ನು ನಂಬುತ್ತಾಳೆ, ಅತ್ತೆ ನಂಬುವುದು ದೃಷ್ಟಿಯನ್ನು. ಮೂರು ತಿಂಗಳು ತುಂಬೋ ತನಕ ಬಾಯಿ ಬಿಡಬಾರದಿತ್ತು ಪೋರಿ, ಗಾಳಿಗೂ ಕಿವಿ ಇರ್ತವೆ ಅಂದಿದ್ದರು, ಬೈಯದೆ, ತಲೆಗೆ ಎಣ್ಣೆ ಹಚ್ಚುತ್ತಾ, ಆ ಬೆರಳುಗಳಲ್ಲಿ ಇದ್ದ ದುಃಖ ಅವಳಿಗೆ ಗೊತ್ತಾಗಿತ್ತು. ದೃಷ್ಟಿಯನ್ನು ಅವಳು ನಂಬುವುದಿಲ್ಲ. ನಂಬುವುದಿಲ್ಲ, ಆದರೂ ಹಾಲಿನಲ್ಲಿ ಬಾಯಿ ಸುಟ್ಟುಕೊಂಡವರು ಮಜ್ಜಿಗೆಯನ್ನೂ ಊದಿ ಕುಡಿಯುತ್ತಾರೆ.

ಎರಡನೆಯ ಗುಂಡಿ, ಹಸಿರು. ಅತ್ತ ದರಿ ಇತ್ತ ಪುಲಿ ಅಂದರೆ ಇದೇ. ಕೆಲಸಕ್ಕೆ ಸೇರಿದ ದಿನವೇ ಕಾಕಾ ಎದುರು ರುಜು ಹಾಕಿದ್ದಾಳೆ, ಬಸಿರಾದದ್ದು ಗೊತ್ತಾದ ಕೂಡಲೇ ಸುರಕ್ಷಾ ಅಧಿಕಾರಿಗೆ ತಿಳಿಸಬೇಕು, ಕೂಡಲೇ, ಮೂರು ತಿಂಗಳು ತುಂಬಿದ ಮೇಲಲ್ಲ. ಸೊನ್ನೆಯೇ ಬರುತ್ತಲ್ಲ ಕಾಕಾ, ಮತ್ತೆ ಈ ನಿಯಮ ಯಾಕೆ ಅಂತ ಕೇಳಿದ್ದಳು, ಎಲ್ಲ ಸರಿ ಇರೋ ದಿನಕ್ಕೆ ನಿಯಮ ಯಾಕೆ ಬೇಕು ಪೋರಿ, ಸರಿ ಇಲ್ಲದ ಒಂದು ದಿನಕ್ಕೆ ಬೇಕು, ಆ ದಿನ ಹೇಳಿ ಕೇಳಿ ಬರೋಲ್ಲ ಅಂದಿದ್ದರು. ಎರಡು ಸಲವೂ ಹೇಳಿದಳು. ಹೇಳಿದ ಮಧ್ಯಾಹ್ನವೇ ಆಫೀಸಿನ ಕುರ್ಚಿ, ಕೋಣೆಯ ಹೆಣ್ಣು ಆಫೀಸಿನ ಕುರ್ಚಿಯಲ್ಲಿ ಕೂತಳೆಂದರೆ ಇಡೀ ಕಾರ್ಖಾನೆಗೆ ಡಂಗುರ ಹೊಡೆದ ಹಾಗೆ, ಲಾರಿ ಡ್ರೈವರುಗಳು ಕೂಡ ಉಪ್ಪಿನಕಾಯಿ ತಂದುಕೊಟ್ಟರು. ಆಮೇಲೆ ಆ ಕುರ್ಚಿಯಿಂದ ಎದ್ದು ವಾಪಸ್ಸು ಇಲ್ಲಿಗೆ ನಡೆದು ಬಂದದ್ದು, ಐವತ್ತು ಹೆಜ್ಜೆ, ಎರಡು ಸಲ, ಎಲ್ಲರೂ ಎಲ್ಲಿಗೋ ನೋಡುತ್ತಿದ್ದರು, ಕಾಕಾ ಡ್ರಾಯರಿನಿಂದ ಅವಳ ಬ್ಯಾಡ್ಜು ತೆಗೆದು ಪಂಚೆಯ ತುದಿಯಲ್ಲಿ ಒರೆಸಿ ಕೊಟ್ಟರು. ಮೂರನೆಯ ಸಲ ಆ ಐವತ್ತು ಹೆಜ್ಜೆ ಆಗದು. ಆಗುವುದೇ ಇಲ್ಲ.

ಹೊಲದಲ್ಲಿ ಅಪ್ಪ, ಅವಳ ಬಾಬಾ, ಸೋಯಾ ಗಿಡ ಕಿತ್ತು, ಬೇರಿನ ಗಂಟನ್ನು ಉಗುರಿನಿಂದ ಸೀಳಿ ತೋರಿಸುತ್ತಿದ್ದರು, ನೋಡು, ಒಳಗೆ ಗುಲಾಬಿ ಇದ್ರೆ ಜೀವ ಇದೆ ಅಂತ ಅರ್ಥ—ಗುಲಾಬಿ ಇತ್ತು, ಉಗುರಿಗೆ ಅಂಟಿಕೊಂಡಿತ್ತು, ಸೀಳಿದ ಮೇಲೆ ಗುಲಾಬಿಯಾದರೇನು ಬಂತು ಬಾಬಾ—ಮೂರನೆಯ ಗುಂಡಿ ಎದುರಿಗಿದೆ. ಇಲ್ಲೇ ನಿಂತು ಕೂಗಬೇಕು. ಒಳಗೆ ಯಾರಾದ್ರೂ—ಗಂಟಲಲ್ಲೇ ನಿಂತಿತು. ಇಷ್ಟು ದಿನ ಓಗೊಡಲು ಯಾರೂ ಇರಲಿಲ್ಲ, ಇವತ್ತು ಇರುವವರಿಗೆ ಓಗೊಡಲು ಬಾಯಿಯೇ ಇಲ್ಲ, ಕಿವಿ ಕೂಡ ಮೂಡಿರಲಿಕ್ಕಿಲ್ಲ, ಗಾಳಿಗಿರುವ ಕಿವಿಯೂ ಇಲ್ಲ ನನ್ನ ಕೂಸಿಗೆ—ನನ್ನ ಕೂಸು ಅಂದಳು, ಮನಸ್ಸಿನಲ್ಲಿ, ಮೊದಲನೆಯ ಸಲ, ಕಣ್ಣು ತುಂಬಿತು, ತಲೆಯ ಮೇಲೆ ಕರ್ಕಶವಾಗಿ ಗಂಟೆ ಕಿರುಚಿತು, ಹಸಿರು ದೀಪಗಳು ಆರಿದವು, ತೊಂಬತ್ತು ಮುಗಿದಿತ್ತು.

ಹೊರಗೆ ಬಂದರೆ ಕೂಲರಿನ ಲಾವಂಚದ ಗಾಳಿ, ವಾನಖಡೆ ಕಾಕಾ ಕನ್ನಡಕವನ್ನು ಹಣೆಗೆ ಏರಿಸಿ ನೋಡುತ್ತಿದ್ದಾರೆ, ಏನವ್ವಾ, ಒಳಗೆ ನಿದ್ದೆಗಿದ್ದೆ ಹೊಡೆದ್ಯಾ, ಆರು ವರ್ಷದಲ್ಲಿ ಇದೇ ಮೊದಲು, ದಾಖಲೆ ಮುರಿದೆ, ಚಹಾ ತರಿಸ್ಲಾ ಹಾರ ತರಿಸ್ಲಾ. ಕಾಲು ಜೋಮು ಹಿಡೀತು ಕಾಕಾ, ಇನ್ನೊಂದು ಸುತ್ತು ಹೋಗಿ ಬರ್ತೀನಿ ಅಂದಳು. ಪೆಟ್ಟಿಗೆ ತುಂಬುವ ತುಳಸಾ ಮಾವಶಿ ಅಲ್ಲೇ ಕೂತು ಪೊಟ್ಟಣಗಳಿಗೆ ಹಳದಿ ಚುಕ್ಕೆ ಅಂಟಿಸುತ್ತಿದ್ದಳು, ಕಿರಣ ತಗುಲಿದರೆ ಕೆಂಪಾಗುವ ಚುಕ್ಕೆ, ತಲೆ ಎತ್ತಿ ಶುಭದಾಳ ಮುಖ ನೋಡಿದಳು, ಬಿಸಿಲು ಹೊಡೆದಿದೆ ಹುಡುಗಿಗೆ, ಸುಮ್ನೆ ಬಿಡೋ ಮುದುಕಾ ಅಂದಳು. ಎಲ್ಲರೆದುರು ಕಾಕಾಗೆ ಮುದುಕಾ ಅನ್ನುವ ಧೈರ್ಯ ಅವಳೊಬ್ಬಳಿಗೇ.

ಬಾಗಿಲ ಪಕ್ಕದ ಮೊಳೆಯಲ್ಲಿ ಅವಳ ಏಳನೇ ನಂಬರಿನ ಹಿತ್ತಾಳೆ ಬಿಲ್ಲೆ ತೂಗುತ್ತಿದೆ. ಒಳಗೆ ಹೋಗುವವರು ಹಲಗೆಯಿಂದ ತಮ್ಮ ಬಿಲ್ಲೆ ತೆಗೆದು ಈ ಮೊಳೆಗೆ ಹಾಕಬೇಕು, ಹೊರಗೆ ಬಂದ ಮೇಲೆ ತಾವೇ ತೆಗೆಯಬೇಕು, ಒಬ್ಬರದನ್ನು ಇನ್ನೊಬ್ಬರು ಮುಟ್ಟುವ ಹಾಗಿಲ್ಲ, ಮೊಳೆ ಖಾಲಿಯಾಗುವ ತನಕ ಕಾಕಾ ಕೀಲಿ ತಿರುಗಿಸುವುದಿಲ್ಲ. ಹಲಗೆಯ ಕೊನೆಯಲ್ಲಿ ಅಂಕಿಯಿಲ್ಲದ ಒಂದು ಬಿಲ್ಲೆ, ಅತಿಥಿಗಳದ್ದು. ಹಿಂದೊಮ್ಮೆ ತಪಾಸಣೆಗೆ ಬಂದ ದೊಡ್ಡ ಸಾಹೇಬರು ಅದನ್ನು ಮೊಳೆಯಲ್ಲೇ ಮರೆತು ರೈಲ್ವೆ ಸ್ಟೇಷನ್ನಿಗೆ ಹೋಗಿಬಿಟ್ಟಿದ್ದರು, ನೀವೇ ತೆಗೆದುಬಿಡಿ ವಾನಖಡೆ ಅಂತ ಫೋನಿನಲ್ಲಿ ಗದರಿದರು, ಕಾಕಾ ಜಪ್ಪಯ್ಯ ಅನ್ನಲಿಲ್ಲ, ತಾವು ಹೊರಗೆ ಬಂದದ್ದಕ್ಕೆ ತಮ್ಮ ಕೈಯೇ ಸಾಕ್ಷಿ ಸಾಹೇಬ್ರೇ, ಫೋನಲ್ಲ ಅಂದರು, ಎರಡು ಗಂಟೆ ಕಾರ್ಖಾನೆ ನಿಂತಿತು, ಸಾಹೇಬರು ಬೆವರು ಒರೆಸಿಕೊಳ್ಳುತ್ತಾ ವಾಪಸ್ಸು ಬಂದು ತೆಗೆದ ಮೇಲೆಯೇ ಕಡ್ಡಿ ಎದ್ದದ್ದು. ಅಂಥ ಮನುಷ್ಯ. ಆ ಬಿಲ್ಲೆ ಕೂಲರಿನ ಗಾಳಿಗೆ ಅಲುಗುತ್ತಿದೆ, ಎರಡೂ ಕಡೆ ನುಣ್ಣಗೆ, ಹೆಸರಿಲ್ಲ, ಅಂಕಿಯಿಲ್ಲ. ಬಾಯಿ ಬಿಡಬಾರದು ಅಂದರು ಅತ್ತೆ. ಸರಿ, ಬಿಡುವುದಿಲ್ಲ, ಕಟ್ಟು ಇರುವುದು ಬಾಯಿಗೆ ತಾನೆ—ಕೈ ಹಲಗೆಯತ್ತ ಹೋಯಿತು, ತನ್ನದೇ ಕೈ, ಯಾರದೋ ಅನ್ನುವ ಹಾಗೆ ನೋಡಿದಳು, ಅತಿಥಿಯ ಬಿಲ್ಲೆಯನ್ನು ಎತ್ತಿ ತನ್ನದರ ಮೇಲೆ ಹಾಕಿತು, ಎರಡೂ ತಗುಲಿ ಕಿಣ್ ಅಂದವು. ಯಾರೂ ನೋಡಲಿಲ್ಲ. ಇನ್ನೂ ತೆಗೆಯಬಹುದು. ತೆಗೆಯಬಹುದೇ, ಅವರವರದು ಅವರೇ ತೆಗೆಯಬೇಕಲ್ಲ.

ಟಿಕ್, ಟಿಕ್, ಗೋಡೆ ಎಡಕ್ಕೆ, ಗೋಡೆ ಬಲಕ್ಕೆ, ಒಂದನೆಯ ಗುಂಡಿ, ಎರಡನೆಯ ಗುಂಡಿ, ಹೆದರಬೇಡ ಮರಿ, ಇದು ನೀರು, ಇದರಡಿ ಇರುವುದು ಮೇಲೆ ಬರುವುದಿಲ್ಲ, ಕೀಲಿ ನನ್ನ ಕೈಯಲ್ಲಿದೆ ನೋಡು, ಇದು ಮಣ್ಣು, ನಿನ್ನ ಅಜ್ಜನ ಹೊಲಕ್ಕೆ ಹೋಗುತ್ತದೆ, ಇವತ್ತೊಂದೇ ದಿನ, ನಾಳೆಯಿಂದ ಇಲ್ಲಿಗೆ ಬರುವುದಿಲ್ಲ, ನೀನು ಉಳಿದರೆ ಬರುವುದಿಲ್ಲ, ಉಳಿಯದಿದ್ದರೆ—ಬೇಡ, ಆ ಮಾತು ಬೇಡ, ಮೂರನೆಯ ಗುಂಡಿ, ಒಳಗೆ ಯಾರಾದ್ರೂ ಇದ್ದೀರಾ ಅಂತ ಕೂಗಿದಳು, ಎಂದಿಗಿಂತ ಮೆತ್ತಗೆ, ಒತ್ತಿದಳು, ಹಸಿರು, ಹಸಿರು, ಹಸಿರು.

ಬಾಗಿಲು ಹಾಕಿ, ತನ್ನ ಏಳನ್ನು ತೆಗೆದು, ಕೀಲಿಯಿದ್ದ ಮಾಪಕವನ್ನು ಕಾಕಾ ಕೈಗೆ ಕೊಟ್ಟಳು. ಕಾಕಾ ಅಭ್ಯಾಸದಂತೆ ಮೊಳೆಯ ಕಡೆ ನೋಡಿದರು. ನಿಂತರು. ಯಾರದಿದು, ಯಾರು ಬಂದಿದ್ದಾರೆ ಅಂದರು, ದನಿ ಏರಿತು, ಶುಭದಾ, ಒಳಗೆ ಯಾರನ್ನ ಬಿಟ್ಟು ಬಂದೆ, ಕೀಲಿಯನ್ನು ಎದೆಗೆ ಅವುಚಿಕೊಂಡು ಬಾಗಿಲತ್ತ ಎರಡು ಹೆಜ್ಜೆ ಓಡಿಯೇಬಿಟ್ಟರು, ಅರವತ್ತರ ಮುದುಕ, ಯಾರನ್ನೂ ಬಿಟ್ಟು ಬಂದಿಲ್ಲ ಕಾಕಾ, ಜೊತೆಗೇ ಕರ್ಕೊಂಡು ಬಂದೆ ಅನ್ನಬೇಕಿತ್ತು, ಬಾಯಿ ಬಿಡಲಿಲ್ಲ, ಕೈ ಮಾತ್ರ ಕೋಟಿನ ಮೇಲೆ ಹೊಕ್ಕುಳ ಹತ್ತಿರ ಹೋಗಿ ಕೂತಿತು. ಕಾಕಾ ಆ ಕೈಯನ್ನು ನೋಡಿದರು. ಬಿಲ್ಲೆಯನ್ನು ನೋಡಿದರು. ಹಣೆಯ ಮೇಲಿನ ಕನ್ನಡಕವನ್ನು ಇಳಿಸಿ ಮತ್ತೆ ಕೈಯನ್ನು ನೋಡಿದರು. ಈಗ ಆಫೀಸಿನ ಕುರ್ಚಿ ಅನ್ನುತ್ತಾರೆ, ಈಗ ಡಂಗುರ, ಸಂಜೆಯೊಳಗೆ ಉಪ್ಪಿನಕಾಯಿ, ಮುಗಿಯಿತು, ಯಾಕಾದರೂ ಹಾಕಿದೆನೋ—ಥೂ ನಿನ್ನ ಅಂತ ಕಾಕಾ ಕಿರುಚಿದರು, ಅಂಗಳದ ಲಾರಿಯವರಿಗೂ ಕೇಳುವಂತೆ, ತೊಂಬತ್ತು ಸೆಕೆಂಡು ಎಣಿಸೋಕೆ ಬರದವಳಿಗೆ ಕೋಣೆ ಯಾಕೆ, ಬ್ಯಾಡ್ಜು ಇಲ್ಲಿ ಇಡು, ಇವತ್ತಿಂದ ಪ್ರಯೋಗಾಲಯದಲ್ಲಿ ಗಾಜಿನ ತಟ್ಟೆ ಎಣಿಸ್ಕೊಂಡು ಕೂತಿರು, ಬುದ್ಧಿ ಬರೋ ತನಕ ಈ ಕಡೆ ತಲೆ ಹಾಕ್ಬೇಡ, ಇದು ಶಿಕ್ಷೆ, ಯಾರೂ ವಕಾಲತ್ತು ಮಾಡೋಕೆ ಬರಬೇಡಿ! ಅವಳಿಗೆ ಅರ್ಥವಾಗಲು ಅರೆಗಳಿಗೆ ಬೇಕಾಯಿತು. ಶಿಕ್ಷೆ. ಶಿಕ್ಷೆಗೆ ಯಾರೂ ಪೇಢಾ ಕೇಳುವುದಿಲ್ಲ, ಶಿಕ್ಷೆಯಾದವಳ ಹೊಟ್ಟೆಯನ್ನು ಯಾರೂ ನೋಡುವುದಿಲ್ಲ, ಓ ಕಾಕಾ, ನನ್ನ ಕಾಕಾ. ತುಳಸಾ ಮಾವಶಿ ಚುಕ್ಕೆಗಳನ್ನೆಲ್ಲ ನೆಲಕ್ಕೆ ಚೆಲ್ಲಿ ಎದ್ದಳು, ಮಗುವಿನ ಥರ ಇರೋ ಹುಡುಗಿಗೆ ಹೀಗಾ ಬೈಯೋದು, ನಾಲಿಗೆಗೆ ಎಲುಬಿಲ್ವಾ ನಿಂಗೆ ಅಂತ ಕಾಕಾನನ್ನು ಜಾಡಿಸಿ, ಶುಭದಾಳ ಅಂಗೈಯಲ್ಲಿ ಸೆರಗಿನಿಂದ ಬಿಚ್ಚಿದ ಉಪ್ಪು ಹಚ್ಚಿದ ಮಾವಿನಕಾಯಿ ಹೋಳು ಇಟ್ಟು, ಕೇಳ್ಬೇಡ, ತಿನ್ನು ಅಂದು ಹೊರಟು ಹೋದಳು.

ಕಾಕಾ ಇಕ್ಕಳ ತಂದರು. ಬಿಲ್ಲೆ ಮುಟ್ಟೋ ಹಕ್ಕು ನಂಗಿಲ್ಲ, ಮೊಳೆ ನಾನೇ ಹೊಡೆದಿದ್ದು ಅಂತ ಗೊಣಗುತ್ತಾ, ಬಗ್ಗಿದ ಮೊಳೆಯನ್ನು ಬಿಲ್ಲೆ ಸಮೇತ ಕಿತ್ತರು, ಬಿಲ್ಲೆ ಬೀಳದಂತೆ ತುಂಬಿದ ಬಟ್ಟಲು ಹಿಡಿದವರ ಹಾಗೆ ನಡೆದು, ತಮ್ಮ ಕುರ್ಚಿಯ ಹಿಂದೆ ಕ್ಯಾಲೆಂಡರಿನ ಪಕ್ಕ ಗೋಡೆಗೆ ಹೊಡೆದರು, ಖಾಲಿಯಾದ ಜಾಗಕ್ಕೆ ಹೊಸ ಮೊಳೆ ಹೊಡೆದರು, ಅಷ್ಟೂ ಹೊತ್ತು ಕಡ್ಡಿಗಳು ನೀರಿನಡಿ ಮಲಗಿಯೇ ಇದ್ದವು. ಆಮೇಲೆ ಅವಳ ಕಡೆ ತಿರುಗದೆ, ಮೆಲ್ಲಗೆ, ಅತಿಥಿ ಇನ್ನೂ ಹೊರಗೆ ಬಂದಿಲ್ಲ ತಾನೆ, ಬಂದ ಮೇಲೆ ತಾನೇ ಬಂದು ತೆಗೀಲಿ, ನಾನು ದೀಪಾವಳಿಗೆ ನಿವೃತ್ತಿ, ಆದ್ರೂ ಆ ದಿನ ಬರ್ತೀನಿ, ಮೊಳೆ ಎತ್ತರ ಆಯ್ತಲ್ಲ, ಎತ್ತಿ ಹಿಡಿಯೋಕೆ ಯಾರಾದ್ರೂ ಬೇಕು ಅಂದರು. ಬರದೇ ಹೋದ್ರೆ ಕಾಕಾ, ಅಂದಳು, ಬಾಯಿ ಬಿಟ್ಟೇಬಿಟ್ಟಳು. ಬರದೇ ಹೋದ್ರೆ ಇಲ್ಲೇ ಇರುತ್ತೆ, ಬೇರೆ ಯಾರೂ ಮುಟ್ಟೋಲ್ಲ ಅಂದರು ಕಾಕಾ. ಮಂಗೇಶನಿಗೆ ಇವತ್ತೇ ಹೇಳಬೇಕು, ಅತ್ತೆಯ ಮಡಿಲಲ್ಲಿ ತಲೆ ಇಟ್ಟು ಹೇಳದೆ ಸುಮ್ಮನೆ ಮಲಗಬೇಕು, ಬಾಬಾನ ಹೊಲದಲ್ಲಿ ಈ ಸಲ ಯಾವ ಗಿಡವನ್ನೂ ಕೀಳಬೇಡಿ ಅನ್ನಬೇಕು, ಬಾಯಲ್ಲಿ ಮಾವಿನಕಾಯಿಯ ಹುಳಿ, ಗೋಡೆಯ ಮೇಲೆ ಬಿಲ್ಲೆ ತೂಗುತ್ತದೆ, ಸಣ್ಣಗೆ, ಅಂಕಿಯಿಲ್ಲದ ಆ ನುಣುಪು ಮುಖ, ಇನ್ನೇನು ನಿಲ್ಲುತ್ತದೆ ಅನ್ನುವಷ್ಟರಲ್ಲಿ ಕೂಲರಿನ ಗಾಳಿ ಈ ಕಡೆ ಬರುತ್ತದೆ, ಬಿಲ್ಲೆ ಮತ್ತೆ ತೂಗುತ್ತದೆ, ತೂಗುತ್ತದೆ—