ಒತ್ತಿದ ಉಗುರು

ಮತ್ತೆ ಒತ್ತಿದಳು ಈ ನರ್ಸಮ್ಮ, ಕಾಳು ಬಲಿತಿದೆಯೋ ಇಲ್ಲವೋ ಎಂದು ಬಟಾಣಿ ಹಿಸುಕಿ ನೋಡುವವರ ಹಾಗೆ, ತೋರುಬೆರಳ ಉಗುರನ್ನೇ ಹಿಡಿದು ಒತ್ತಿದಳು, ಉಗುರು ಬೆಳ್ಳಗಾಯಿತು, ಬಿಟ್ಟಳು, ಇನ್ನೂ ಬೆಳ್ಳಗೇ ಇದೆ, ಎಲ್ಲಿ ಹೋಯಿತು ಕೆಂಪು, ತಡಿ, ಹಾಂ ಬಂತು, ಕುಂಟುತ್ತಾ ಬಂತು, ನಿನ್ನೆಯೆಲ್ಲ ಓಡಿ ಬರುತ್ತಿತ್ತು — ನರ್ಸಮ್ಮ ತುಟಿ ಕಚ್ಚಿಕೊಂಡಳು. ಕಚ್ಚಿಕೋ ತಾಯಿ, ಮಾತಾಡಬೇಡ, ಇಲ್ಲಿ ಯಾರಿಗೂ ನೆಟ್ಟಗೆ ಮಾತಾಡಲು ಬರುವುದಿಲ್ಲ. ನೋಡಲು ಬಂದವರೆಲ್ಲ ಬಾಗಿಲಲ್ಲೇ ಲೊಚಗುಟ್ಟುತ್ತಾರೆ, ಸೂಜಿ ಚುಚ್ಚಿ ನಂಜಾಯ್ತಂತೆ ಪಾಪ. ಯಾವ ಸೂಜಿ? ಅರ್ಧ ಆಯುಷ್ಯ ಮಿಷನ್ ತುಳಿದ ಟೈಲರಮ್ಮನಿಗೆ ಸೂಜಿ ಚುಚ್ಚುತ್ತದೆಯೇ, ಚುಚ್ಚೀತು ನೋಡೋಣ! ಮೂತ್ರ ಕಟ್ಟಿಕೊಂಡು ಬಂದ ರೋಗ ಎನ್ನಲು ಇವರಿಗೆಲ್ಲ ನಾಚಿಕೆ, ಅವಳಿಗಿಲ್ಲ, ಈ ಮುಖದ ಮೇಲಿನ ಆಕ್ಸಿಜನ್ ಮಾಸ್ಕ್ ಒಂದಿಲ್ಲದಿದ್ದರೆ ಕೂಗಿಯೇ ಹೇಳುತ್ತಿದ್ದಳು, ಅಂಗಡಿಯಲ್ಲಿ ಹೆಂಗಸರಿಗೊಂದು ಕಕ್ಕಸಿಲ್ಲ ಕಣ್ರೀ ಎಂದು. ಕೇಳಿದ್ದಕ್ಕೆ ಮಾಲೀಕ ಟೇಪು ಕೊರಳಿಗೆ ಹಾಕಿಕೊಂಡು ನಕ್ಕಿದ್ದ, ಇಷ್ಟು ವರ್ಷ ನಡೀಲಿಲ್ವಾ, ಒಂಚೂರು ಅಡ್ಜಸ್ಟ್ ಮಾಡ್ಕೊಳ್ಳಿ. ಮಾಡಿಕೊಂಡಳು, ಶಾಲೆ ಶುರುವಾಗುವ ಮುಂಚಿನ ಯೂನಿಫಾರ್ಮಿನ ರಾಶಿ, ನೀರು ಕುಡಿದರೆ ತಾನೇ ಎದ್ದು ಹೋಗಬೇಕು, ಕುಡಿಯಲೇ ಇಲ್ಲ, ಆಮೇಲೆ ಉರಿ, ಸೊಂಟದ ಮೇಲ್ಗಡೆ ಇರಿತ, ಆಮೇಲೆ ಹಲ್ಲು ಕಟಕಟ ಎನ್ನುವ ಚಳಿ, ಸೋಂಕು ರಕ್ತಕ್ಕೆ ಹತ್ತಿದ ಮೇಲೆ ಮಗಳು ಕೈ ಹಿಡಿದು ಏನೆಂದಳು, ಕೈ ಎಷ್ಟು ಬೆಚ್ಚಗಿದೆ ನೋಡಮ್ಮ, ಏನೂ ಆಗಲ್ಲ. ಬೆಚ್ಚಗಿರೋದೇ ತೊಂದರೆ ಕಣಮ್ಮ, ಅಂದರು ಡಾಕ್ಟರು, ರಕ್ತನಾಳಗಳು ಬಾಯಿ ಬಿಟ್ಕೊಂಡು ಕೂತಿವೆ, ಬಿಗಿಯಾಗಿ ಅಂತ ದೇಹ ಹೇಳ್ತಿದೆ, ಕೀಟಾಣು ವಿಷಕ್ಕೆ ಅವು ಮಾತೇ ಕೇಳ್ತಿಲ್ಲ, ರಕ್ತದ ಒತ್ತಡ ನಿಲ್ತಾ ಇಲ್ಲ. ಎಷ್ಟು ಚಡ್ಡಿಗೆ ಇಲಾಸ್ಟಿಕ್ ಹಾಕಿದಳು ಮಾರಾಯರೇ ಲೆಕ್ಕವುಂಟೇ, ಈಗ ಒಳಗೇ ಇಲಾಸ್ಟಿಕ್ ಸಡಿಲ, ನಗು ಬಂತು, ನಕ್ಕರೆ ಮಾಸ್ಕು ಮಂಜಾಗುತ್ತದೆ.

ಈಗ ಕಾಲ ಬಳಿ ನಿಂತು ಗುಸುಗುಸು, ಮಗಳು, ಡಾಕ್ಟರು, ಸತ್ತವಳ ಮುಂದೆ ಮಾತಾಡುವ ಹಾಗೆ — ಕೇಳಿಸುತ್ತೆ ಕಣ್ರೋ. ನಾಳ ಬಿಗಿಯೋ ಔಷಧಿ ಇನ್ನೂ ಏರಿಸ್ಬೇಕು, ಏರಿಸ್ದಿದ್ರೆ ಜೀವಕ್ಕೇ ಅಪಾಯ, ಏರಿಸಿದ್ರೆ ಬೆರಳ ತುದಿಯ ಸಣ್ಣ ನಾಳಗಳೂ ಮುಚ್ಕೊಂಡುಬಿಡಬಹುದು, ಬಣ್ಣ ನೋಡಿ, ಆಗ್ಲೇ ನೀಲಿ ತಿರುಗಿದೆ, ಕಪ್ಪಾದ್ರೆ ತೆಗೀಬೇಕಾಗುತ್ತೆ. ಅಯ್ಯೋ ಬೆರಳು ಮಾತ್ರ ಬೇಡ ಡಾಕ್ಟ್ರೇ, ಮಗಳು ಅಳುತ್ತಿದ್ದಾಳೆ, ಬೆರಳಿಲ್ದೆ ಅಮ್ಮ ಹೆಂಗೆ ಬದುಕ್ತಾಳೆ, ಅಮ್ಮ ಅಂದ್ರೆ ಅವಳ ಬೆರಳೇ, ಸ್ವಲ್ಪ ಕಾದು ನೋಡೋಣ. ಕಾದು ನೋಡ್ತಾಳಂತೆ! ಪ್ರೀತಿಗೇ ಹೇಳಿದ್ದು, ಗೊತ್ತು, ಆದರೂ ಎದೆಗೆ ಚುರ್ ಎಂದಿತು. ಎಲ್ಲರೂ ಅದನ್ನೇ ಹಾಡಿದರು, ಬೆರಳಲ್ಲಿ ಮಾಯೆ ಇದೆ ಅಂದ ಮಾಲೀಕ, ಈ ಬೆರಳಿಗೆ ಬಂಗಾರ ತೊಡಿಸಬೇಕು ಕಣೇ ಅಂದ ಗಂಡ, ಪುಣ್ಯಾತ್ಮ ತೊಡಿಸಿದ್ದು ಸೂಜಿ ತಾಗದಿರಲೆಂದು ಹಾಕುವ ತಗಡಿನ ಟೋಪಿ, ಅವನೂ ಹೋದ, ಬೆರಳ ಹಿಂದೆ ಒಬ್ಬ ಹೆಂಗಸಿದ್ದಾಳೆ, ಅವಳಿಗೆ ಬಾಯಾರುತ್ತದೆ, ಮೂತ್ರ ಬರುತ್ತದೆ, ಹಾಡು ಹೇಳಲು ಬರುತ್ತದೆ, ಯಾರು ಕೇಳಿದರು? ಉಗುರು ಮತ್ತೆ ನರ್ಸಮ್ಮನ ಹೆಬ್ಬೆರಳ ಕೆಳಗೆ, ಬಿಳಿ, ಬಿಳಿ, ಛಾವಣಿಯ ಫ್ಯಾನು ಎರಡಾಗುತ್ತಿದೆ, ಕಿವಿಯಲ್ಲಿ ಗುಂಯ್, ಹೋಗುತ್ತಿದ್ದೀಯೇನೇ ಹೀಗೇ, ಇವರ ಗುಸುಗುಸು ಮುಗಿಯುವುದರೊಳಗೆ, ಥೂ, ಹೋಗೋದಿಲ್ಲ.

ಮಾಸ್ಕು ಎಳೆದಳು. ಏರಿಸಿ ಡಾಕ್ಟ್ರೇ, ದನಿ ಹರಕು ಬಟ್ಟೆಯಂತಿದ್ದರೂ ಕೇಳಿಸಿತು, ತಿರುಗಿದರು ಇಬ್ಬರೂ, ಬದುಕಿದ್ರೆ ಬೇಡಿಯಾದ್ರೂ ತಿಂದೇನು, ಏರಿಸಿ. ಅಮ್ಮಾ, ಬೆರಳು ಹೋದ್ರೆ? ಹೋದ್ರೆ ಬಾಯಿಲ್ವೇನೇ ನಂಗೆ, ಕತ್ತರಿ ಹಿಡಿಯೋರಿಗೆ ಕೂತು ಹೇಳ್ತೀನಿ, ತಪ್ಪಿದ್ರೆ ಬೈತೀನಿ, ಮೊದಲು ಹೋಗಿ ಆ ಮಾಲೀಕನಿಗೆ ಬೈಬೇಕು, ಕಕ್ಕಸು ಕಟ್ಟಿಸೋವರ್ಗೂ ಅಂಗಡಿ ಬಾಗಿಲಲ್ಲೇ ಕೂರ್ತೀನಿ, ನನ್ನ ಜೀವ ನಂದು, ನೀನ್ಯಾರೇ ಬೆರಳಿಗೆ ಬರ್ದು ಕೊಡೋಕೆ. ಮಗಳು ಅಳುತ್ತಲೇ ನಕ್ಕಳು. ಡಾಕ್ಟರು ಅವಳ ಕಣ್ಣನ್ನೇ ನೋಡಿದರು, ಸರಿ ಅಮ್ಮಾ ಅಂದರು, ಔಷಧಿ ಪಂಪಿನ ಗುಂಡಿ ಟಿಕ್ ಟಿಕ್ ಎಂದಿತು. ಎದೆ ದಬದಬ, ಫ್ಯಾನು ಮೆಲ್ಲಗೆ ಒಂದಾಗುತ್ತಿದೆ, ಏರ್ತಿದೆ ಅಮ್ಮಾ, ಒತ್ತಡ ಏರ್ತಿದೆ, ಮಗಳ ದನಿ, ಬೆರಳುಗಳು ಮಾತ್ರ ತಣ್ಣಗೆ, ಯಾರದೋ ಬೆರಳು ತಂದು ಹಚ್ಚಿದ ಹಾಗೆ. ನರ್ಸಮ್ಮ ಕೈ ಚಾಚಿದಳು, ಬಿಡು ತಾಯಿ, ನನ್ನುಗುರು ನಾನೇ ನೋಡ್ಕೋತೀನಿ, ತನ್ನದೇ ಹೆಬ್ಬೆರಳು ತಂದಳು, ಒತ್ತಿದಳು, ಬಿಟ್ಟಳು, ಬಿಳಿ, ಬಾ, ಬರದಿದ್ದರೆ ಬಿಡು, ನಾನಂತೂ ಇಲ್ಲೇ ಇರುತ್ತೇನೆ, ಫ್ಯಾನು ಈಗ ಒಂದೇ, ಬಿಳಿ, ಉಗುರು, ಇನ್ನೂ ಬಿಳಿ, ಬಿಳಿ —